ಉತ್ತರ ಬಿಟ್ಟ ಮೇಷ್ಟ್ರು

ಕಲ್ಲುಬಾವಿಕೊಪ್ಪಲಿನ ಸರ್ಕಾರಿ ಶಾಲೆಯ ಚೆಲುವರಾಜು ಮೇಷ್ಟ್ರಿಗೆ ಒಂದು ಕಾಯಿಲೆ ಇತ್ತು. ಬಿ.ಪಿ. ಅಲ್ಲ, ಶುಗರ್ ಅಲ್ಲ. ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಹೇಳದೆ ಇರಲು ಅವರಿಂದ ಆಗುತ್ತಿರಲಿಲ್ಲ. ಕೇಳಿದ್ದಕ್ಕಷ್ಟೇ ಹೇಳಿ ಸುಮ್ಮನಾಗಿದ್ದರೆ ನಾವೂ ಅದನ್ನು ಕಾಯಿಲೆ ಅನ್ನುತ್ತಿರಲಿಲ್ಲ, ಬಿಡಿ. ರಾವಂದೂರಿನ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದವನಿಗೆ ಬಸ್ಸಿನ ಹೊತ್ತು, ಡ್ರೈವರಿನ ಊರು, ಆ ರಸ್ತೆಗೆ ಟಾರು ಬಿದ್ದ ಕಥೆ, ಡೀಸೆಲ್ ಇಂಜಿನ್ನು ಓಡುವ ಬಗೆ ಇಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ಬಸ್ಸು ಹೋಗಿಯಾಗಿರುತ್ತಿತ್ತು. ತರಗತಿಯಲ್ಲಂತೂ ಮಕ್ಕಳು ಬಾಯಿ ತೆರೆಯುವ ಮುಂಚೆಯೇ ಉತ್ತರ ಬರುತ್ತಿತ್ತು. ಆಕಳಿಸಲು ಬಾಯಿ ತೆರೆದವನಿಗೂ ಎಲೆ ಆಹಾರ ತಯಾರಿಸುವ ಕ್ರಮವನ್ನು ವಿವರಿಸಿದ್ದುಂಟು.

ಇಂಥ ಮನುಷ್ಯನನ್ನು ದಸರಾ ರಜೆ ಮುಗಿದ ಮೇಲೆ ಪಿರಿಯಾಪಟ್ಟಣಕ್ಕೆ ಟ್ರೈನಿಂಗಿಗೆ ಕರೆದರು. ವಿಷಯ, ಟ್ಯಾಬು ಬಳಸಿ ಮಕ್ಕಳು ತಾವೇ ಕಲಿಯುವುದು. ಹೇಳಿಕೊಟ್ಟವರು ಶಾಂತಲಾ ಮೇಡಂ. “ಮಗು ಪ್ರಶ್ನೆ ಕೇಳಿದರೆ ತಕ್ಷಣ ಉತ್ತರ ಕೊಡಬೇಡಿ. ನಿನಗೇನನ್ನಿಸುತ್ತೆ ಅಂತ ವಾಪಸ್ ಕೇಳಿ. ಟ್ಯಾಬು ಕೈಗೆ ಕೊಡಿ, ಹುಡುಕಲಿ. ಪಕ್ಕದಲ್ಲಿದ್ದು ದಾರಿ ತೋರಿಸಿ” ಅಂದರು ಮೇಡಂ. ಒಳ್ಳೆಯ ಮಾತೇ. ಆದರೆ ನಮ್ಮ ಮೇಷ್ಟ್ರು ಮೊದಲನೆಯ ವಾಕ್ಯಕ್ಕೇ ಮರುಳಾಗಿ, ಕೊನೆಯ ವಾಕ್ಯ ಬರುವಷ್ಟರಲ್ಲಿ ತಾನು ಇಷ್ಟು ವರ್ಷ ಮಾಡಿದ ಪಾಪವನ್ನೆಲ್ಲ ನೆನೆಯುತ್ತ ಕೂತಿದ್ದರು. ದಾರಿ ತೋರಿಸುವ ಸಂಗತಿ ಅವರ ಕಿವಿಗೆ ಬೀಳಲೇ ಇಲ್ಲ. ಅಲ್ಲಿಂದಲೇ ಶುರುವಾಯಿತು ಊರಿನ ಕಷ್ಟ.

ಶಾಲೆಯಲ್ಲಿ ಟ್ಯಾಬುಗಳೇನೋ ಇದ್ದವು. ಯಾವುದೋ ಕಂಪನಿಯವರು ದಾನ ಮಾಡಿ, ಫೋಟೋ ಹಿಡಿಸಿಕೊಂಡು ಹೋಗಿದ್ದರು. ಒಡೆದುಹೋದರೆ ಯಾರು ಜವಾಬ್ದಾರಿ ಅಂತ ಹೆದರಿ ಮೇಷ್ಟ್ರು ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಆಯುಧಪೂಜೆಯ ದಿನ ಮಾತ್ರ ಅವು ಹೊರಗೆ ಬಂದು, ಅರಿಶಿನ ಕುಂಕುಮ ಇಡಿಸಿಕೊಂಡು, ಬೂದುಗುಂಬಳ ಒಡೆದ ಮೇಲೆ ಒಳಗೆ ಹೋಗುತ್ತಿದ್ದವು. ಕುಂಕುಮ ಸರಿಯಾಗಿ ಕ್ಯಾಮೆರಾದ ಕಣ್ಣಿಗೇ ಬಿದ್ದಿದ್ದರಿಂದ, ಅವುಗಳಲ್ಲಿ ತೆಗೆದ ಫೋಟೋದಲ್ಲೆಲ್ಲ ಊರು ಕೆಂಪಗೆ ಕಾಣುತ್ತಿತ್ತು.

ಸೋಮವಾರ ಬೆಳಿಗ್ಗೆ ಮೇಷ್ಟ್ರು ಟ್ಯಾಬುಗಳನ್ನು ಹಂಚಿ, ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: ‘ಇಂದಿನಿಂದ ನಾನು ಉತ್ತರ ಹೇಳುವುದಿಲ್ಲ.’ ಮಕ್ಕಳು ಅದನ್ನು ಒಟ್ಟಾಗಿ ಗಟ್ಟಿಯಾಗಿ ಓದಿ ಕಾಪಿ ಮಾಡಿಕೊಂಡರು. ಬೋರ್ಡಿನ ಮೇಲೆ ಬಂದದ್ದನ್ನೆಲ್ಲ ಬರೆದುಕೊಳ್ಳುವುದು ಆ ಶಾಲೆಯ ಪದ್ಧತಿ.

ಏಳನೆಯ ತರಗತಿಯ ಮಧುಶ್ರೀ ಎದ್ದು ನಿಂತಳು. ಶಾಲಾ ಸಮಿತಿಯ ಅಧ್ಯಕ್ಷ ದೇವರಾಜುವಿನ ಮಗಳು, ಮೂಗಿನ ತುದಿಯಲ್ಲೇ ಪ್ರಶ್ನೆ ಇಟ್ಟುಕೊಂಡು ಓಡಾಡುವ ಹುಡುಗಿ.

“ಯಾಕೆ ಸಾರ್?”

“ನಿನಗೇನನ್ನಿಸುತ್ತೆ?”

ಮಧುಶ್ರೀ ಯೋಚಿಸಿದಳು. “ಗಂಟ್ಲು ನೋವಾ ಸಾರ್?”

ಮೇಷ್ಟ್ರು ನಸುನಕ್ಕು ಸುಮ್ಮನಾದರು. ಉತ್ತರ ಹೇಳುವ ಹಾಗಿರಲಿಲ್ಲವಲ್ಲ. ಗಂಟಲು ನೋವಿನ ಸುದ್ದಿ ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಅಡುಗೆಯವರಿಗೆ ತಲುಪಿತು, ಸಂಜೆಗೆ ಊರಿಗೆ.

ಉತ್ತರ ಬಿಡುವುದು ಬೀಡಿ ಬಿಟ್ಟಷ್ಟು ಸುಲಭವಲ್ಲ. ಮಕ್ಕಳು ಕೇಳಿದ ಒಂದೊಂದು ಪ್ರಶ್ನೆಯ ಉತ್ತರವೂ ಮೇಷ್ಟ್ರ ಹೊಟ್ಟೆಯೊಳಗೆ ಹೊರಳಾಡತೊಡಗಿತು. ಬುಧವಾರ “ಮೋಡ ಯಾಕ್ ಸಾರ್ ಕೆಳೀಕೆ ಬೀಳಲ್ಲ?” ಅಂತ ಯಾರೋ ಕೇಳಿದಾಗ ಅವರಿಗೆ ತಡೆದುಕೊಳ್ಳಲಾಗಲಿಲ್ಲ. ಶಾಲೆಯ ಹಿಂದಕ್ಕೆ ಓಡಿ, ನೀರಿನ ತೊಟ್ಟಿಯ ಮೇಲೆ ಬಗ್ಗಿ, ಮೋಡದ ಬಗ್ಗೆ ಗೊತ್ತಿದ್ದಷ್ಟನ್ನೂ ತೊಟ್ಟಿಯೊಳಕ್ಕೆ ಹೇಳಿ ಮುಗಿಸಿ, ಮುಖ ತೊಳೆದುಕೊಂಡು ವಾಪಸಾದರು. ಎಷ್ಟೋ ಹಗುರ ಅನ್ನಿಸಿತು. ಬೇಲಿಯ ಆಚೆ ಹುಲ್ಲಿನ ಹೊರೆ ಹೊತ್ತು ನಿಂತಿದ್ದ ಭದ್ರಮ್ಮ, ಅಂದರೆ ದೇವರಾಜುವಿನ ತಾಯಿ, ಇದನ್ನೆಲ್ಲ ಕಣ್ಣಾರೆ ನೋಡಿದಳು.

“ಮೇಷ್ಟ್ರು ಮಕ್ಕಳ ತಾವ ಮಾತಾಡಲ್ವಂತೆ, ನೀರ್ ತೊಟ್ಟಿ ತಾವ ಮಾತಾಡ್ತಾವ್ರೆ ಕಣೋ” ಅಂತ ಆಕೆ ಮಗನಿಗೆ ಹೇಳಿದಳು. “ಇದು ಗಂಟ್ಲು ನೋವಲ್ಲ. ಯಾರೋ ಬಾಯಿ ಕಟ್ಟವ್ರೆ.”

ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಮೇಷ್ಟ್ರ ಹೆಂಡತಿ ಪವಿತ್ರಾ ಕೆ.ಆರ್. ನಗರದ ಕಡೆಯವಳು, ಒಂದು ಮಾತಿಗೆ ಎರಡು ಮಾತು ಕೊಡುವಷ್ಟು ಧಾರಾಳಿ. “ಬಸ್ಸಾರ್ ಮಾಡ್ಲೋ, ಉಪ್ಸಾರ್ ಮಾಡ್ಲೋ?” ಅಂತ ಕೇಳಿದಳು. ಮೇಷ್ಟ್ರು ಅಭ್ಯಾಸಬಲದಿಂದ “ನಿನಗೇನನ್ನಿಸುತ್ತೆ?” ಅಂದರು. ಆಕೆ ಅವರನ್ನೊಮ್ಮೆ ಮೇಲಿಂದ ಕೆಳಗಿನವರೆಗೆ ನೋಡಿ ಒಳಗೆ ಹೋದಳು. ಊಟದ ಹೊತ್ತಿಗೆ ಮೇಷ್ಟ್ರು ತಟ್ಟೆಯ ಮುಂದೆ ಕೂತು “ಸಾರೆಲ್ಲೇ?” ಅಂದರು.

“ನಿಮಗೇನನ್ಸುತ್ತೆ? ಹುಡುಕ್ಕೊಳಿ” ಅಂದಳು ಪವಿತ್ರಾ.

ಆ ದಿನ ಮೇಷ್ಟ್ರು ತಾವೇ ಹುಡುಕಿ ಮಜ್ಜಿಗೆಯನ್ನ ಉಂಡರು. ಶಾಂತಲಾ ಮೇಡಂ ಹೇಳಿದ ವಿಧಾನ ಎಲ್ಲ ವಯಸ್ಸಿನವರ ಮೇಲೂ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಅದೇ ಮೊದಲ ಸಾಕ್ಷಿ. ಮೇಷ್ಟ್ರಿಗೆ ಅದು ಹೊಳೆಯಲಿಲ್ಲ.

ಗುರುವಾರ ಹೊಗೆಸೊಪ್ಪಿನ ಮಾದೇಶ ಮೊಬೈಲು ಹಿಡಿದುಕೊಂಡು ಶಾಲೆಗೆ ಬಂದ. ತಂಬಾಕು ಹರಾಜು ಕಟ್ಟೆಯಿಂದ ಅವನಿಗೆ ಇಂಗ್ಲಿಷಿನಲ್ಲಿ ಮೆಸೇಜು ಬಂದಿತ್ತು. ಅಂಥವನ್ನು ಓದಿ ಹೇಳುವುದು ಯಾವತ್ತೂ ಮೇಷ್ಟ್ರ ಕೆಲಸವೇ.

“ಏನಂತೆ ನೋಡಿ ಮೇಷ್ಟ್ರೇ.”

ಮೇಷ್ಟ್ರು ಓದಿದರು. ಸೊಪ್ಪು ತರುವ ಮಾದೇಶನ ಸರದಿ ಮುಂದಿನ ವಾರಕ್ಕೆ ಹೋಗಿತ್ತು. ಕಿಟಕಿಯಿಂದ ಮಕ್ಕಳೆಲ್ಲ ಇಣುಕಿ ನೋಡುತ್ತಿದ್ದರು. ದೊಡ್ಡವರಿಗೆ ಉತ್ತರ, ಚಿಕ್ಕವರಿಗೆ ಪ್ರಶ್ನೆ ಅಂತ ಭೇದ ಮಾಡಿದರೆ ಮಕ್ಕಳೇನು ತಿಳಿದಾರು ಅಂದುಕೊಂಡು, “ನಿಮಗೇನನ್ನಿಸುತ್ತೆ ಮಾದೇಶ?” ಅಂದರು.

“ನಂಗಾ? ನಾಳೆ ಲೋಡ್ ತಕ್ಕಂಡ್ ಬಾ ಅಂದಂಗನ್ಸ್ತದೆ.”

ಮೇಷ್ಟ್ರು ಕಣ್ಣು ಮುಚ್ಚಿಕೊಂಡು ತೊಟ್ಟಿಯ ಕಡೆ ನಡೆದುಬಿಟ್ಟರು. ಅದನ್ನು ಒಪ್ಪಿಗೆ ಅಂತ ತಿಳಿದು ಮಾದೇಶ ಬೆಳಗಾಗುವುದರೊಳಗೆ ಸೊಪ್ಪಿನ ಬೇಲುಗಳನ್ನು ಟ್ರ್ಯಾಕ್ಟರಿಗೆ ಹೇರಿ, ಮೇಲೆ ಟಾರ್ಪಾಲು ಕಟ್ಟಿ, ಸೋನೆ ಮಳೆಯಲ್ಲಿ ನೆನೆಯುತ್ತ ಹೋದ. ಹರಾಜು ಕಟ್ಟೆಯ ಗೇಟಿನವನು ನಕ್ಕು ಕಳಿಸಿದ. ಸೊಪ್ಪಿಗೇನೂ ಆಗಲಿಲ್ಲ, ಮಾದೇಶನ ಮರ್ಯಾದೆಯಷ್ಟೇ ನೆನೆದು ಬಂದಿತ್ತು. ಅವನು ಟ್ರ್ಯಾಕ್ಟರನ್ನು ನೇರವಾಗಿ ದೇವರಾಜುವಿನ ಮನೆಯ ಮುಂದೆ ನಿಲ್ಲಿಸಿದ.

“ಅಧ್ಯಕ್ಷ್ರೇ, ಮೇಷ್ಟ್ರಿಗೆ ಓದಾಕೂ ಮರ್ತೋಗದೆ. ಇನ್ ಮಕ್ಳಿಗೇನ್ ಏಳ್ಕೊಟ್ಟಾರು?”

ಇಲ್ಲಿ ಒಂದು ಮಾತು ಹೇಳಬೇಕು. ಪಟ್ಟಣದ ಕಾನ್ವೆಂಟೊಂದರ ಹಳದಿ ವ್ಯಾನು ಕೆಲವು ದಿನಗಳಿಂದ ಕೊಪ್ಪಲಿಗೆ ಬಂದು ಹಾರ್ನು ಹೊಡೆದು ಹೋಗುತ್ತಿತ್ತು. ವರ್ಷದ ನಡುವೆಯೂ ಸೇರಿಸಿಕೊಳ್ಳುತ್ತೇವೆ ಅಂತ ಅವರು ಹೇಳಿದ್ದರು. ಇನ್ನು ಕೆಲವೇ ಮಕ್ಕಳು ಟಿ.ಸಿ. ತೆಗೆದುಕೊಂಡರೂ ಸಾಕು, ಕೊಪ್ಪಲಿನ ಶಾಲೆಯನ್ನು ಮುಚ್ಚಿ ರಾವಂದೂರಿನ ಶಾಲೆಗೆ ಸೇರಿಸುತ್ತಾರೆ. ವ್ಯಾನಿಗೆ ಕೊಡಲಾಗದವರ ಮಕ್ಕಳು ಮಳೆಯಲ್ಲಿ ಅಷ್ಟು ದೂರ ನಡೆಯಬೇಕು. ಚಿಕ್ಕವರು ನಡೆಯುವುದಿಲ್ಲ, ದೊಡ್ಡ ಹುಡುಗಿಯರನ್ನು ಕಳಿಸುವುದಿಲ್ಲ. ಇದು ಮೇಷ್ಟ್ರಿಗೂ ಗೊತ್ತಿತ್ತು, ದೇವರಾಜುವಿಗೂ ಗೊತ್ತಿತ್ತು. ಅಧ್ಯಕ್ಷನೇ ಮಗಳನ್ನು ವ್ಯಾನು ಹತ್ತಿಸಿದರೆ ಮಿಕ್ಕವರು ನಿಲ್ಲುವ ಪ್ರಶ್ನೆಯೇ ಇಲ್ಲ. ಅದಕ್ಕೇ ಇಷ್ಟು ದಿನ ದೇವರಾಜು ಹಲ್ಲು ಕಚ್ಚಿ ತಡೆದುಕೊಂಡಿದ್ದ.

ಈಗ ಅವನಿಗೂ ದಿಗಿಲಾಯಿತು. ಏನು ಮಾಡಬೇಕು ಅಂತ ತಿಳಿಯದಾದಾಗ ಕೊಪ್ಪಲಿನವರು ಮಾಡುವುದು ಒಂದೇ, ಊರ ಮಾರಮ್ಮನ ಗುಡಿಯಲ್ಲಿ ಹೂ ಕೇಳುವುದು. ಪೂಜಾರಿ ಸಣ್ಣಬೀರಯ್ಯ ಅಮ್ಮನ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾನೆ. ಬಲಗಡೆ ಬಿದ್ದರೆ ಹೂಂ, ಎಡಗಡೆ ಬಿದ್ದರೆ ಊಹೂಂ. ಬೋರ್‌ವೆಲ್ಲು, ಮದುವೆ, ಹಸು ಕೊಳ್ಳುವುದು ಎಲ್ಲವೂ ಅಲ್ಲೇ ತೀರ್ಮಾನ.

ಶನಿವಾರ ಊರೆಲ್ಲ ಗುಡಿಯ ಮುಂದೆ ಸೇರಿತು. ಮಕ್ಕಳೂ ಮುಂದಿನ ಸಾಲಿನಲ್ಲಿ ಕೂತರು. ಹೊರಗೆ ಸೋನೆ ಹಿಡಿದಿತ್ತು. ಸಣ್ಣಬೀರಯ್ಯ ಹೂ ಅಂಟಿಸಿ ಕೈ ಮುಗಿದ. “ಅಮ್ಮಾ, ನಮ್ ಮೇಷ್ಟ್ರು ಬಾಯಿ ಬುಡ್ತಾರಾ, ಇಲ್ಲ ಮಕ್ಳ ಬೇರೆ ಕಡೀಕ್ ಕಳುಸ್ಬೇಕಾ? ಬುಡಂಗಿದ್ರೆ ಬಲಗಡೆ ಕೊಡವ್ವ.”

ಎಲ್ಲರೂ ಕಾದರು. ಹೂ ಅಲ್ಲಾಡಲಿಲ್ಲ. ಸಣ್ಣಬೀರಯ್ಯ ಇನ್ನೊಮ್ಮೆ ಕೇಳಿದ. ತೆಂಗಿನಕಾಯಿ ಒಡೆದು ಕೇಳಿದ. ಸ್ವಲ್ಪ ಗದರಿಯೂ ಕೇಳಿದ. ಬಲಗಡೆಯೂ ಇಲ್ಲ, ಎಡಗಡೆಯೂ ಇಲ್ಲ. ಕೂತವರ ಕಾಲು ಜೋಮು ಹಿಡಿದವು.

ಕೊನೆಗೆ ಭದ್ರಮ್ಮ ನಿಟ್ಟುಸಿರು ಬಿಟ್ಟಳು. “ಅಮ್ಮನೂ ಟ್ರೈನಿಂಗಿಗೆ ಓಗ್ಬಂದವ್ಳೆ ಕಣೋ. ನೀವೇ ಉಡುಕ್ಕಳಿ ಅಂತಾವ್ಳೆ.”

ದೇವರಾಜುವಿನ ತಾಳ್ಮೆ ಅಲ್ಲಿಗೆ ಮುಗಿಯಿತು. ಅವನು ಗುಡಿಯಿಂದಲೇ ಶಿಕ್ಷಣಾಧಿಕಾರಿ ಕಿರಣ್‌ಕುಮಾರರಿಗೆ ಫೋನು ಮಾಡಿ, ಸೋಮವಾರ ಬಂದು ಮಕ್ಕಳನ್ನು ಊರ ಮುಂದೆ ಪರೀಕ್ಷೆ ಮಾಡಬೇಕೆಂದು ಕೇಳಿಕೊಂಡ. ಆಮೇಲೆ ಮೇಷ್ಟ್ರ ಮನೆಗೆ ಬಂದು ಬಾಗಿಲಲ್ಲೇ ನಿಂತ.

“ಮೇಷ್ಟ್ರೇ, ಸೋಮವಾರ ಮಕ್ಳು ಸರ್ಯಾಗಿ ಉತ್ತರ ಏಳಿದ್ರೆ ಸರಿ. ಇಲ್ದಿದ್ರೆ ನಮ್ ಮಧುನೂ ವ್ಯಾನ್ ಅತ್ತುತಾಳೆ. ನಂಗೂ ಇಷ್ಟ ಇಲ್ಲ. ಏನ್ ಮಾಡ್ಲಿ ಏಳಿ.”

ಮೇಷ್ಟ್ರು “ನಿಮಗೇ...” ಅಂತ ಬಾಯಿ ತೆರೆದರು. ಒಳಗಿನಿಂದ ಪವಿತ್ರಾ ಕೆಮ್ಮಿದಳು. ಆ ಕೆಮ್ಮಿನ ಅರ್ಥ ತಿಳಿದು ಅವರು ಬಾಯಿ ಮುಚ್ಚಿದರು.

ದೇವರಾಜು ಹೋದ ಮೇಲೆ ಆಕೆ ಬಂದು ಎದುರಿಗೆ ಕೂತಳು. “ನೋಡಿ, ಶಾಲೆ ಮುಚ್ಚಿದ್ರೆ ನಿಮ್ಮುನ್ನ ಎಚ್.ಡಿ. ಕೋಟೆ ಕಾಡಂಚಿಗಾದ್ರೂ ಹಾಕ್ತಾರೆ, ಸಂಬಳಕ್ಕೇನೂ ಮೋಸ ಇಲ್ಲ. ಆ ಮಕ್ಕಳು ಎಲ್ಲಿಗ್ ಹೋಗ್ತಾವೆ? ಸೋಮವಾರ ಬೆಳಿಗ್ಗೆ ಬೇಗ ಹೋಗಿ ಒಂದಷ್ಟು ಪ್ರಶ್ನೆ ಉತ್ತರ ಬಾಯಿಪಾಠ ಮಾಡ್ಸಿಬಿಡಿ. ನಿಮ್ ವ್ರತ ಮಂಗಳವಾರದಿಂದ ಮತ್ತೆ ಹಿಡೀಬಹುದು.”

ಮೇಷ್ಟ್ರಿಗೆ ಅಳು ಬರುವ ಹಾಗಾಯಿತು. ವಾರದಿಂದ ಮಕ್ಕಳು ಏನು ಕಲಿತಿವೆಯೋ ಅವರಿಗೇ ಗೊತ್ತಿರಲಿಲ್ಲ. ಉತ್ತರ ತಡೆದುಕೊಳ್ಳುವುದರಲ್ಲೇ ಅವರ ಶಕ್ತಿಯೆಲ್ಲ ಹೋಗಿ, ಮಕ್ಕಳ ಕಡೆ ನೋಡಲು ಪುರಸೊತ್ತೇ ಸಿಕ್ಕಿರಲಿಲ್ಲ. ಸರಿ, ಬಾಯಿಪಾಠವೇ ಗತಿ ಅಂತ ತೀರ್ಮಾನಿಸಿದರು.

ಸೋಮವಾರ ಹೊತ್ತಿಗೆ ಮುಂಚೆ ಸೀಮೆಸುಣ್ಣ ಹಿಡಿದು ತರಗತಿಗೆ ಹೋದರೆ ಒಬ್ಬರೂ ಇಲ್ಲ. ವ್ಯಾನು ಆಗಲೇ ಬಂದು ಹೋಯಿತೇ ಅಂತ ಗೇಟಿನ ಕಡೆಗೆ ಓಡಿದರು. ಹಿತ್ತಲಿನಿಂದ ಗಲಾಟೆ ಕೇಳಿಸಿತು. ಹೋಗಿ ನೋಡಿದರು. ನೀರಿನ ತೊಟ್ಟಿಯ ಪಕ್ಕ ಒಗೆಯುವ ಕಲ್ಲನ್ನು ಮಕ್ಕಳು ಗೋಡೆಗೆ ಒರಗಿಸಿ ನಿಲ್ಲಿಸಿಕೊಂಡಿದ್ದರು. ಕಲ್ಲಿನ ತುಂಬ ಕಣಗಿಲೆ, ಸೇವಂತಿಗೆ, ಚೆಂಡುಹೂವಿನ ದಳ. ಒಬ್ಬಳು ನೀರು ಚಿಮುಕಿಸುತ್ತಿದ್ದಳು, ಒಬ್ಬ ಟ್ಯಾಬಿನಲ್ಲಿ ಹೊತ್ತು ನೋಡುತ್ತಿದ್ದ, ಇನ್ನೊಬ್ಬ ಕ್ಯಾಮೆರಾದ ಕುಂಕುಮವನ್ನು ಅಂಗಿಯ ಚುಂಗಿನಿಂದ ಒರೆಸುತ್ತಿದ್ದ.

“ಏ, ಚೆಂಡುಹೂ ಬೇಗ ಬೀಳ್ತದೆ ಅಂತ ನಾನ್ ಏಳಿರ್ಲಿಲ್ವಾ?”

“ಅದು ಭಾರ ಕಣ್ಲಾ. ದಳ ಒಂದನ್ನೇ ಕಿತ್ತು ಮಡಗು, ನೋಡವ.”

ಮೇಷ್ಟ್ರು ಕೆಮ್ಮಿದರು. ಯಾರೂ ತಿರುಗಲಿಲ್ಲ. ಇನ್ನೂ ಜೋರಾಗಿ ಕೆಮ್ಮಿದರು. ಮಧುಶ್ರೀ ಕಲ್ಲಿನಿಂದ ಕಣ್ಣು ತೆಗೆಯದೆ, “ಸಾರ್, ಸ್ವಲ್ಪ ಆ ಕಡೆ ನಿಂತ್ಕೊಳಿ, ಬೆಳಕು ಅಡ್ಡ ಆಯ್ತದೆ” ಅಂದಳು.

ಮೇಷ್ಟ್ರು ಆ ಕಡೆ ನಿಂತುಕೊಂಡರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಮಕ್ಕಳಿಗೆ ತಾನು ಬೇಡವಾದದ್ದು ಅದೇ ಮೊದಲು. ಹೊಟ್ಟೆ ಉರಿಯಿತು. ಅದರ ಜೊತೆಗೇ, ಎಂದೂ ಆಗದಷ್ಟು ಸಂತೋಷವೂ ಆಯಿತು. ಕೈಯಲ್ಲಿದ್ದ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡು ಅವರೂ ಬಗ್ಗಿ ನೋಡತೊಡಗಿದರು. ಬಾಯಿಪಾಠದ ವಿಷಯ ಅವರಿಗೆ ಮರೆತೇಹೋಯಿತು.

ನೆನಪಾಗುವಷ್ಟರಲ್ಲಿ ಜೀಪು ಬಂದಿತ್ತು. ಕಿರಣ್‌ಕುಮಾರರು ಇಳಿದರು. ಹಿಂದೆಯೇ ಊರು ಬಂದಿತು. ಭದ್ರಮ್ಮ ಚಾಪೆ ತಂದಿದ್ದಳು, ಮಾದೇಶ ಹಾಳಾದ ಮರ್ಯಾದೆಯನ್ನು ವಸೂಲು ಮಾಡಿಕೊಳ್ಳಲೆಂದೇ ಮುಂದೆ ನಿಂತ. ಮೇಷ್ಟ್ರು ಸಾಹೇಬರಿಗೆ ಟ್ಯಾಬಿನ ಪಾಠವನ್ನು ದೊಡ್ಡ ಟಿ.ವಿ.ಯಲ್ಲಿ ತೋರಿಸೋಣವೆಂದು ಗುಂಡಿ ಒತ್ತಿದರು. ಕರೆಂಟು ಹೋಯಿತು.

“ಪರವಾಗಿಲ್ಲ” ಅಂದರು ಕಿರಣ್‌ಕುಮಾರರು. ಮಧುಶ್ರೀಯ ಕಡೆ ನೋಡಿ, “ಹೇಳಮ್ಮ, ಒದ್ದೆ ಬಟ್ಟೆ ಒಣಗುತ್ತಲ್ಲ, ಅದರಲ್ಲಿದ್ದ ನೀರು ಎಲ್ಲಿಗೆ ಹೋಗುತ್ತೆ?” ಅಂತ ಕೇಳಿದರು.

ಮಧುಶ್ರೀ ವಿನಯದಿಂದ ಕೈ ಕಟ್ಟಿಕೊಂಡು ನಿಂತಳು.

“ನಿಮಗೇನನ್ನಿಸುತ್ತೆ ಸಾರ್?”

ದೇವರಾಜು ತಲೆಯ ಮೇಲೆ ಕೈ ಇಟ್ಟುಕೊಂಡ. “ಮಕ್ಳಿಗೂ ಅಂಟ್ಕಂಡದೆ” ಅಂದ ಮಾದೇಶ.

ಆದರೆ ಕಿರಣ್‌ಕುಮಾರರಿಗೂ ಮೇಷ್ಟ್ರ ಕಾಯಿಲೆಯೇ ಇತ್ತು. ಪ್ರಶ್ನೆ ಬಂದರೆ ಉತ್ತರ ಹೇಳದೆ ಇರಲು ಅವರಿಂದಲೂ ಆಗುತ್ತಿರಲಿಲ್ಲ. “ನನಗಾ? ಬಿಸಿಲಿಗೆ ಆವಿಯಾಗಿ ಗಾಳಿಗೆ ಸೇರುತ್ತೆ” ಅಂದುಬಿಟ್ಟರು.

“ಬಿಸ್ಲೇ ಇಲ್ದಿದ್ರೆ ಸಾರ್? ಗಾಳೀಲಿ ಆಗ್ಲೇ ನೀರಿದ್ರೆ?”

“ಆಗ... ನಿಧಾನ ಆಗುತ್ತೆ.”

“ಎಷ್ಟು ನಿಧಾನ ಸಾರ್?”

ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಅದು... ಎಷ್ಟು ಅಂದರೆ...”

“ಬನ್ನಿ ಸಾರ್, ನಾವು ನೋಡಿದ್ದೀವಿ” ಅಂತ ಮಧುಶ್ರೀ ಹಿತ್ತಲಿಗೆ ಹೊರಟಳು. ಸಾಹೇಬರು ಹಿಂದೆ, ಊರು ಅವರ ಹಿಂದೆ.

ಕಲ್ಲಿನ ಮುಂದೆ ಮಕ್ಕಳು ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಹೇಳಿದರು. ಶನಿವಾರ ಗುಡಿಯಲ್ಲಿ ಅಮ್ಮ ಯಾಕೆ ಹೂ ಕೊಡಲಿಲ್ಲ ಅನ್ನುವುದು ಅವರ ತಲೆಗೆ ಹೊಕ್ಕಿತ್ತು. ಮೇಷ್ಟ್ರನ್ನು ಕೇಳಿ ಪ್ರಯೋಜನವಿಲ್ಲ ಅಂತ ಗೊತ್ತಿದ್ದರಿಂದ ಟ್ಯಾಬನ್ನು ಕೇಳಿದರು. ನೀರು ಕಲ್ಲಿಗೂ ದಳಕ್ಕೂ ನಡುವೆ ನಿಂತು ಎರಡನ್ನೂ ಹಿಡಿದುಕೊಳ್ಳುತ್ತದೆ ಅಂತ ಅದು ತೋರಿಸಿತು. ಟ್ಯಾಬು ಹೇಳಿದ್ದು ನಿಜವೋ ಅಲ್ಲವೋ ಅಂತ ಇವರಿಗೆ ಅನುಮಾನ. ಭಾನುವಾರವೇ ಒಲೆಯ ಹತ್ತಿರದ ಒಣ ಗೋಡೆಯಲ್ಲಿ ಇಟ್ಟು ನೋಡಿದರು, ಬೇಗ ಬಿತ್ತು. ಸೋನೆಯಲ್ಲಿ ತೊಟ್ಟಿಯ ಪಕ್ಕ ಇಟ್ಟು ನೋಡಿದರು, ಬೀಳಲೇ ಇಲ್ಲ.

“ಗಾಳಿ ತೇವ ಇದ್ರೆ ನೀರು ಆರಲ್ಲ ಸಾರ್. ಆರ್ದೆ ಇದ್ರೆ ಹೂ ಬೀಳಲ್ಲ. ಶನಿವಾರ ಸೋನೆ ಇತ್ತಲ್ಲ” ಅಂದಳು ಮಧುಶ್ರೀ.

ಸಾಹೇಬರು ಆಗಲೇ ಪ್ಯಾಂಟು ಮೇಲೆತ್ತಿಕೊಂಡು ಕುಕ್ಕರುಗಾಲಿನಲ್ಲಿ ಕೂತು ತಾವೇ ಒಂದು ಸೇವಂತಿಗೆ ದಳ ಅಂಟಿಸುತ್ತಿದ್ದರು. ಆದರೆ ಊರು ನೋಡುತ್ತಿದ್ದುದು ಸಣ್ಣಬೀರಯ್ಯನನ್ನು. ಅಮ್ಮನ ವಿಷಯಕ್ಕೇ ಕೈ ಹಾಕಿದ್ದವು ಮಕ್ಕಳು. ಅವನ ಮುಖ ಬಿಗಿದುಕೊಂಡಿತ್ತು.

“ಅಂಗಾರೆ ಹೂ ಕೊಡೋದು ಅಮ್ಮ ಅಲ್ಲ, ನೀರು ಅಂತೀಯೇನವ್ವ?”

“ಇಲ್ಲ ತಾತ” ಅಂದಳು ಮಧುಶ್ರೀ. “ಯಾವಾಗ ಬೀಳ್ತದೆ ಅಂತ ಗೊತ್ತಾಯ್ತು. ಮೊದ್ಲು ಎಡಕ್ಕೋ ಬಲಕ್ಕೋ ಅನ್ನೋದು ಎಷ್ಟ್ ನೋಡುದ್ರೂ ಗೊತ್ತಾಗ್ಲಿಲ್ಲ. ಒಂದೊಂದ್ ಸಲ ಒಂದೊಂದ್ ತರ. ಅದುನ್ನ ಇನ್ನೂ ಉಡುಕ್ತಾ ಇವಿ.”

ಸಣ್ಣಬೀರಯ್ಯನ ಮುಖ ಸಡಿಲವಾಯಿತು. “ಅದು ಅಮ್ಮನ ಇಲಾಖೆ, ಸಾಹೇಬ್ರೆ” ಅಂತ ಕಿರಣ್‌ಕುಮಾರರಿಗೆ ಹೆಮ್ಮೆಯಿಂದ ತಿಳಿಸಿದ. ಆಮೇಲೆ ಮಕ್ಕಳ ಕಡೆ ತಿರುಗಿ, “ಕಣಗಿಲೆ ದಳ ಉಲ್ಟಾ ಮಡಗ್‌ಬುಟ್ಟಿದೀರಿ, ಸರ್ಯಾಗ್ ಮಡಗಿ” ಅಂದ.

ಸಾಹೇಬರಿಗೆ ಬೇರೆ ಹಳ್ಳಿಗಳಿದ್ದವು. ಆದರೂ ತಮ್ಮ ದಳ ಬೀಳುವ ತನಕ ಅವರು ಏಳಲಿಲ್ಲ. ಎದ್ದು ಮೇಷ್ಟ್ರ ಕೈ ಕುಲುಕಿ, “ಇನ್ಮೇಲೆ ಅಷ್ಟಿಷ್ಟು ಉತ್ತರಾನೂ ಹೇಳಿ ಮಾರಾಯ್ರೆ, ಪಕ್ಕದಲ್ಲಿದ್ದು ದಾರಿ ತೋರಿಸಿ ಅಂತಾನೂ ಟ್ರೈನಿಂಗಲ್ಲಿ ಹೇಳಿರ್ತಾರಲ್ಲ” ಅಂದರು. ಮೇಷ್ಟ್ರಿಗೆ ಆ ಮಾತು ಹೊಸದಾಗಿ ಕೇಳಿಸಿತು. ಮಾದೇಶನನ್ನು ಪಕ್ಕಕ್ಕೆ ಕರೆದು ಕ್ಷಮೆ ಕೇಳಿ, ಮೆಸೇಜನ್ನು ಎರಡು ಸಲ ಓದಿ ಹೇಳಿದರು.

ಜೀಪು ಹೋಯಿತು. ಊರು ಹೋಗಲಿಲ್ಲ. ಎಲ್ಲರೂ ದೇವರಾಜುವಿನ ಮುಖ ನೋಡುತ್ತ ನಿಂತರು. ದೇವರಾಜು ಮೇಷ್ಟ್ರ ಮುಂದೆ ಬಂದ.

“ಮಕ್ಳು ಉಸಾರಾಗವ್ರೆ, ಒಪ್ಕತೀನಿ. ಆದ್ರೂ ಇಂಗ್ಲಿಷು, ಟೈ, ಬೂಟು ಅಂತ ನಂಗೂ ಆಸೆ ಅದೆ ಮೇಷ್ಟ್ರೇ. ನಮ್ ಮಧುನ ವ್ಯಾನ್ ಅತ್ತಿಸ್ಲೋ ಬ್ಯಾಡ್ವೋ? ಇದೊಂದಕ್ಕಾದ್ರೂ ಉತ್ತರ ಏಳ್ಬುಡಿ.”

ಬೇಡ ಅನ್ನುವ ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬಂದಿತ್ತು. ಈ ಸಲ ತಡೆಯುವ ಮನಸ್ಸೂ ಅವರಿಗಿರಲಿಲ್ಲ. ಅಷ್ಟರಲ್ಲಿ ಮಧುಶ್ರೀ ಕೈಯ ನೀರನ್ನು ಲಂಗಕ್ಕೆ ಒರೆಸಿಕೊಂಡು ನಡುವೆ ಬಂದಳು.

“ಅಪ್ಪಾ, ಮಾರಮ್ಮನ್ನ ಕೇಳ್ದೆ, ಸಾಹೇಬ್ರುನ್ನ ಕರ್ಸ್ದೆ, ಈಗ ಮೇಷ್ಟ್ರುನ್ನ ಕೇಳ್ತಿದೀಯ. ವ್ಯಾನ್ ಅತ್ತೋಳು ನಾನು. ನನ್ನ ಒಬ್ರೂ ಕೇಳ್ನೇ ಇಲ್ವಲ್ಲ.”

ದೇವರಾಜು ಮಗಳನ್ನು ನೋಡಿದ. ಇಷ್ಟು ದಿನ ಅವನಿಗೆ ಅದು ಹೊಳೆದೇ ಇರಲಿಲ್ಲ. ಮೆಲ್ಲಗೆ ಕೇಳಿದ.

“ಸರಿ ಕಣವ್ವ. ನಿಂಗೇನನ್ಸ್ತದೆ?”

“ಎಡಕ್ಕೋ ಬಲಕ್ಕೋ ಗೊತ್ತಾಗೋಗಂಟ ನಾನ್ ಎಲ್ಗೂ ಓಗಲ್ಲ.”

ಭದ್ರಮ್ಮ ಚಾಪೆ ಸುತ್ತಿ ಕಂಕುಳಿಗೆ ಇಟ್ಟುಕೊಂಡಳು, ತೀರ್ಮಾನವಾಯಿತು ಅನ್ನುವ ಹಾಗೆ. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಯಾರೂ ನೋಡದಿರಲೆಂದು ಅವರು ಹೋಗಿ ತೊಟ್ಟಿಯ ಮೇಲೆ ಬಗ್ಗಿದರು. ಊರಿನವರು ಮುಖ ಮುಖ ನೋಡಿಕೊಂಡು ತಲೆಯಾಡಿಸಿದರು. ಒಳ್ಳೆಯ ಮೇಷ್ಟ್ರು, ತೊಟ್ಟಿ ಜೊತೆ ಮಾತಾಡಿಕೊಂಡರೆ ಆಡಿಕೊಳ್ಳಲಿ.

ಅಷ್ಟು ಹೊತ್ತಿಗೆ, ಅವತ್ತು ತಡವಾಗಿ, ಹಳದಿ ವ್ಯಾನು ಬಂದು ಗೇಟಿನ ಮುಂದೆ ಹಾರ್ನು ಹೊಡೆಯಿತು. ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ, “ಅಧ್ಯಕ್ಷ್ರೇ, ಇವತ್ತು ನಿಮ್ಮೂರಿಂದ ಎಷ್ಟ್ ಮಕ್ಳು ಬತ್ತವೆ?” ಅಂತ ಕೂಗಿದ.

ದೇವರಾಜು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಗೇಟಿನ ಹತ್ತಿರ ಹೋಗಿ, ಬಹಳ ಗೌರವದಿಂದ ಕೇಳಿದ.

“ನಿಮಗೇನನ್ನಿಸುತ್ತೆ?”